ಇದು ಒರಿಜಿನಲ್ಲಾ, ಎಡಿಟ್ ಮಾಡಿದ್ದಾ?

ಬೀದರ್‌ನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಫೋಟೊ, ಮದುವೆ, ಜವಳ, ಅಂಗಡಿಗಳ ಕ್ಯಾಟಲಾಗ್, ಬಂದದ್ದೆಲ್ಲ ಮಾಡುತ್ತೇನೆ. ಗೋಡೆಗೆ ಹಾಕಿದ ಫೋಟೊ ನೋಡಿದವರು ಕೇಳುವುದು ಒಂದೇ ಪ್ರಶ್ನೆ. "ಇದು ಒರಿಜಿನಲ್ ಏನ್ರಿ, ಎಡಿಟ್ ಮಾಡೀರೇನ್ರಿ?" ಎಡಿಟ್ ಅಂದರೆ ಸಾಕು, ಅವರ ಮುಖ ಸಪ್ಪೆಯಾಗುತ್ತದೆ. ಏನೋ ಮೋಸ ಸಿಕ್ಕಿಬಿದ್ದ ಹಾಗೆ.

ಅಂಥವರಿಗೆ ನಾನು ಒಂದು ಬಿದ್ರಿ ಹೂಜಿಯ ಎರಡು ಫೋಟೊ ತೋರಿಸುತ್ತೇನೆ. ಒಂದು, ಕ್ಯಾಮೆರಾವನ್ನು ಆಟೋ ಮೋಡ್‌ನಲ್ಲಿಟ್ಟು ತೆಗೆದು ಮುಟ್ಟದೆ ಬಿಟ್ಟದ್ದು. ಇನ್ನೊಂದು ನಾನು ಕೂತು ತಿದ್ದಿದ್ದು. ಆಮೇಲೆ ಹೂಜಿಯನ್ನೇ ಎದುರಿಗಿಡುತ್ತೇನೆ. ಹೂಜಿಯ ಹಾಗೆ ಕಾಣುವುದು ತಿದ್ದಿದ ಫೋಟೊನೇ.

ಕಾರಣ ಕ್ಯಾಮೆರಾದಲ್ಲೇ ಇದೆ. ಬಿದ್ರಿ ಸಾಮಾನಿನಲ್ಲಿ ಸತು ಜಾಸ್ತಿ, ತಾಮ್ರ ಕಡಿಮೆ. ಅದರ ಮೇಲೆ ನಕ್ಷೆ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆ ಮಣ್ಣನ್ನು ನವಸಾಗರ ಅನ್ನುವ ಲವಣದ ಜೊತೆ ನೀರಲ್ಲಿ ಕುದಿಸಿ ಹಚ್ಚಿದರೆ ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಆ ಕಪ್ಪು ಇಲ್ಲದಿದ್ದರೆ ಬಿದ್ರಿಯೇ ಇಲ್ಲ. ಆದರೆ ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಇದು ತಿಳಿಯುವುದಿಲ್ಲ. ಎದುರಿಗಿರುವುದೆಲ್ಲ ಸರಾಸರಿ ನಡುಬೂದು ಬಣ್ಣದ್ದು ಅಂತ ಅದರ ಲೆಕ್ಕ. ಫ್ರೇಮ್ ತುಂಬ ಕಪ್ಪು ಕಂಡರೆ ಬೆಳಕು ಸಾಲದು ಅಂದುಕೊಂಡು ಎಕ್ಸ್‌ಪೋಶರ್ ಏರಿಸಿಬಿಡುತ್ತದೆ. ಕಪ್ಪು ಬೂದು ಬಣ್ಣವಾಗುತ್ತದೆ. ಬೆಳ್ಳಿ ಗೆರೆಗಳು ಬಿಳಿ ಬಿಳಿಯಾಗಿ ಉರಿದುಹೋಗುತ್ತವೆ. ಅಂಗಡಿಯ ಹಳದಿ ಬಲ್ಬ್ ಕೆಳಗೆ ತೆಗೆದರಂತೂ ಬೆಳ್ಳಿ ಹಿತ್ತಾಳೆಯ ಹಾಗೆ ಕಾಣುತ್ತದೆ. ಯಾರೂ ಎಡಿಟ್ ಮಾಡದ, ಅಪ್ಪಟ 'ಒರಿಜಿನಲ್' ಇದು!

ನಾನು ಮಾಡುವ ರೀತಿ ಹೇಳುತ್ತೇನೆ. ಹೂಜಿಯ ಮೈ ನುಣುಪು, ನನ್ನ ಮುಖ, ಕ್ಯಾಮೆರಾ, ಎದುರಿನ ಬಾಗಿಲು ಎಲ್ಲಾ ಅದರಲ್ಲಿ ಮೂಡುತ್ತವೆ. ಅದಕ್ಕೆ ಎರಡೂ ಬದಿಗೆ ಬಿಳಿ ಬಟ್ಟೆ ಕಟ್ಟಿ, ಲೈಟನ್ನು ಬಟ್ಟೆಯ ಹಿಂದಿನಿಂದ ಬಿಡುತ್ತೇನೆ. ಕ್ಯಾಮೆರಾ ಮ್ಯಾನುಯಲ್‌ನಲ್ಲಿಟ್ಟು, ಮೀಟರ್ ಹೇಳಿದ್ದಕ್ಕಿಂತ ಒಂದೂವರೆ ಸ್ಟಾಪ್ ಕಡಿಮೆ; ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಮೊದಲ ಫ್ರೇಮಿನಲ್ಲಿ ಪಕ್ಕದಲ್ಲಿ ಒಂದು ಗ್ರೇ ಕಾರ್ಡ್, ಅಂದರೆ ಬಣ್ಣ ಹೊಂದಿಸಲು ಇಡುವ ಬೂದು ಬಣ್ಣದ ಕಾರ್ಡ್. ಫೈಲ್ ಯಾವಾಗಲೂ ರಾ, ಅಂದರೆ ಸೆನ್ಸರ್ ಹಿಡಿದದ್ದನ್ನು ಹೆಚ್ಚು ತಿದ್ದದೆ ಇಡುವ ಫೈಲ್. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ ಮಾತ್ರ, 14 ಬಿಟ್ ರಾ ಫೈಲಿನಲ್ಲಿ 16,384. ಕಪ್ಪಿನೊಳಗಿನ ಕಪ್ಪನ್ನು ಬಿಡಿಸುವಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕಂಪ್ಯೂಟರಿನಲ್ಲಿ ಮೊದಲು ಗ್ರೇ ಕಾರ್ಡ್ ನೋಡಿ ವೈಟ್ ಬ್ಯಾಲೆನ್ಸ್, ಅಂದರೆ ಲೈಟಿನ ಬಣ್ಣದ ಛಾಯೆ ತೆಗೆಯುವುದು. ಆಮೇಲೆ ಕಪ್ಪಿನ ಮಟ್ಟ. ಆಮೇಲೆ ಹೂಜಿಯ ಕುತ್ತಿಗೆ ಹಿನ್ನೆಲೆಯಲ್ಲಿ ಕರಗಿಹೋಗದಂತೆ ಅಂಚಿಗಷ್ಟೇ ಚೂರು ಬೆಳಕು. ಇಷ್ಟೂ ಹೊತ್ತು ಹೂಜಿ ಮಾನಿಟರ್ ಪಕ್ಕದಲ್ಲೇ ಇರುತ್ತದೆ. ಅದನ್ನು ನೋಡುತ್ತ ಸ್ಲೈಡರ್ ಎಳೆಯುತ್ತೇನೆ. ಸಾಮಾನು ವಾಪಸ್ ಕಳಿಸಿ, ನೆನಪಿನ ಮೇಲೆ ಬಣ್ಣ ತಿದ್ದುವ ಕೆಲಸ ನಾನು ಒಪ್ಪುವುದಿಲ್ಲ.

ಒಮ್ಮೆ ಒಂದು ಹೂದಾನಿಯ ಮೇಲೆ ತಂತಿ ಒಂದು ಕಡೆ ಎದ್ದು ಬಿಟ್ಟಿತ್ತು. "ಭಾಯ್, ಅಲ್ಲಿ ಸ್ವಲ್ಪ ಕೂಡಿಸಿಬಿಡ್ರಿ" ಅಂದರು ಅಂಗಡಿಯವರು. ಪಕ್ಕದ ಭಾಗವನ್ನು ಕಾಪಿ ಮಾಡಿ ಮೇಲೆ ಕೂರಿಸುವ ಕ್ಲೋನ್ ಸ್ಟಾಂಪ್ ಹಿಡಿದರೆ ಒಂದು ನಿಮಿಷದ ಕೆಲಸ. ಮಾಡಲಿಲ್ಲ. ಕೊಳ್ಳುವವರು ದುಡ್ಡು ಕೊಡುವುದೇ ಆ ತಂತಿ ಕೆಲಸಕ್ಕೆ. ಹಾಗೆ ನೋಡಿದರೆ ಹೂದಾನಿಯನ್ನು ಆ ಕಡೆ ತಿರುಗಿಸಿಟ್ಟು ತೆಗೆದಿದ್ದರೂ ಆಗುತ್ತಿತ್ತು. ಎಡಿಟಿಂಗ್ ಇಲ್ಲದೆಯೇ ಸುಳ್ಳು! ಅದಕ್ಕೇ ಸಾಫ್ಟ್‌ವೇರನ್ನು ಬೈಯುವವರ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ಹೂದಾನಿ ವಾಪಸ್ ಹೋಯಿತು, ತಂತಿ ಕೂತ ಮೇಲೆ ಮತ್ತೆ ಬಂತು.

ಇನ್ನೊಂದು, ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾ. 1472ರ ಕಟ್ಟಡ. ಮುಂಭಾಗದಲ್ಲಿ ಎರಡು ಮಿನಾರ್ ಇದ್ದವು. 17ನೇ ಶತಮಾನದ ಕೊನೆಗೆ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಭಾಗವೇ ಹೋಯಿತು, ಈಗ ಉಳಿದಿರುವುದು ಒಂದೇ ಮಿನಾರ್. ಕೆಳಗೆ ನಿಂತು ಕ್ಯಾಮೆರಾ ಮೇಲೆತ್ತಿ ತೆಗೆದರೆ ಅದು ಹಿಂದಕ್ಕೆ ವಾಲಿದ ಹಾಗೆ ಬರುತ್ತದೆ. ಅದನ್ನು ನೆಟ್ಟಗೆ ಮಾಡುತ್ತೇನೆ, ಯಾವ ಅಳುಕೂ ಇಲ್ಲದೆ. ಮಡಚುವ ತಿದಿಯ ಹಳೆ ದೊಡ್ಡ ಕ್ಯಾಮೆರಾಗಳಲ್ಲಿ ಲೆನ್ಸನ್ನು ಮೇಲಕ್ಕೆ ಸರಿಸಿ ಇದೇ ಕೆಲಸ ಮಾಡುತ್ತಿದ್ದರು. ಆದರೆ ಪೋಸ್ಟರ್ ಮಾಡಿಸಲು ಬಂದ ಒಬ್ಬರು, ಇರುವ ಮಿನಾರನ್ನೇ ಕಾಪಿ ಮಾಡಿ ತಿರುಗಿಸಿ ಆ ಕಡೆಗೂ ಕೂರಿಸಿ ಅಂದರು. "ಮೊದಲು ಎರಡಿದ್ದವಲ್ರಿ, ಸುಳ್ಳೇನಿದೆ?" ಮಾತು ನಿಜವೇ. ಆದರೂ ಅದು ಇವತ್ತು ತೆಗೆದ ಫೋಟೊ, ಚಿತ್ರ ಬರೆದದ್ದಲ್ಲ. ನೋಡಿದವರು ಬೀದರ್‌ಗೆ ಬಂದು ಎರಡನೇ ಮಿನಾರ್ ಎಲ್ಲಿ ಅಂತ ಹುಡುಕಬೇಕಾ? ಕೈಯಲ್ಲಿ ಬರೆಯುವ ಕಲಾವಿದರ ಹತ್ತಿರ ಹೋಗಿ ಅಂದೆ. 1982ರಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆ ಮುಖಪುಟಕ್ಕೆ ಹೊಂದಲಿ ಅಂತ ಈಜಿಪ್ಟಿನ ಪಿರಮಿಡ್‌ಗಳನ್ನು ಹತ್ತಿರ ಸರಿಸಿ ಬೈಸಿಕೊಂಡಿತ್ತು. ಫೋಟೊಶಾಪ್ ಬಂದದ್ದು 1990ರಲ್ಲಿ, ನೋಡಿ.

ಇನ್ನು, ಎಡಿಟಿಂಗ್ ಅಂದರೆ ಸರಿಯಾಗಿ ಫೋಟೊ ತೆಗೆಯಲು ಬಾರದವರ ಊರುಗೋಲು ಅನ್ನುವ ಮಾತು. ಅದೂ ಇದೆ. ಮದುವೆಗೆ ಜೊತೆಗೆ ಬರುವ ಹುಡುಗರು ಅಕ್ಷತೆ ಹೊತ್ತಿನಲ್ಲಿ ಸೆಟ್ಟಿಂಗ್ ನೋಡದೆ ಕ್ಲಿಕ್ ಮಾಡುತ್ತ, "ಎಡಿಟ್‌ನಾಗ ನೋಡ್ಕೊಂಡ್ರಾಯ್ತು ಅಣ್ಣ" ಅನ್ನುತ್ತಾರೆ. ಮದುಮಗನ ಬಿಳಿ ಧೋತರ ಪೂರ್ತಿ ಉರಿದುಹೋದರೆ ಅಲ್ಲಿ ಮಡಿಕೆಯ ಗುರುತೂ ಇರುವುದಿಲ್ಲ. ಸ್ಲೈಡರ್ ಎಷ್ಟು ಎಳೆದರೂ ಬಿಳಿ ಬೂದು ಬಣ್ಣವಾಗುತ್ತದೆ, ಅಷ್ಟೇ. ಗುಂಪು ಫೋಟೊದಲ್ಲಿ ಒಬ್ಬರು ಕಣ್ಣು ಮುಚ್ಚಿದರೆ ಪಕ್ಕದ ಫ್ರೇಮಿನಿಂದ ಅವರ ಮುಖ ತಂದು ಕೂರಿಸುತ್ತೇನೆ. ಅದೇ ಮನುಷ್ಯ, ಅದೇ ಗಳಿಗೆ. ಮೊಡವೆ ತೆಗೆಯುತ್ತೇನೆ, ಮಚ್ಚೆ ಬಿಡುತ್ತೇನೆ. ಹುಡುಗಿಯ ಫೋಟೊ ವರನ ಕಡೆಗೆ ಕಳಿಸಬೇಕು, ಸ್ವಲ್ಪ ಬೆಳ್ಳಗೆ ಮಾಡಿ ಅಂತ ಅಪ್ಪ ಅಮ್ಮ ಕೇಳುತ್ತಾರೆ. ಹುಡುಗಿ ಪಕ್ಕದಲ್ಲೇ ನಿಂತಿರುತ್ತಾಳೆ. ನಾನು ಲೈಟ್ ಬದಲಿಸಿ ಇನ್ನೊಂದು ತೆಗೆಯುತ್ತೇನೆ. ಬಣ್ಣ ಮುಟ್ಟುವುದಿಲ್ಲ. ಕೆಲವರು ಬೇರೆ ಸ್ಟುಡಿಯೊಗೆ ಹೋಗುತ್ತಾರೆ, ಹೋಗಲಿ.

ನನಗೆ ಕಷ್ಟವಾಗುವುದು ತೀರಿಹೋದವರ ಫೋಟೊ. ಹಳ್ಳಿಯಿಂದ ಬರುತ್ತಾರೆ. ಇರುವುದು ಆಧಾರ್ ಕಾರ್ಡಿನ ಚಿತ್ರ, ಇಲ್ಲವೇ ಯಾವುದೋ ಮದುವೆಯ ಗುಂಪಿನಲ್ಲಿ ಹಿಂದೆ ನಿಂತ ಮುಖ. ಅದನ್ನು ದೊಡ್ಡದು ಮಾಡಿ ಫ್ರೇಮ್ ಹಾಕಿ ಕೊಡಬೇಕು. ಹೆಗಲ ಮೇಲಿನ ಬೇರೆಯವರ ಕೈ ತೆಗೆದು, ಹಿನ್ನೆಲೆ ಬದಲಿಸಿ, ಬೇಕೆಂದರೆ ತಲೆಗೆ ರುಮಾಲು ಸುತ್ತಿ ಕೊಡುತ್ತೇನೆ. ಇದನ್ನು ಮೋಸ ಅಂತ ಯಾರೂ ಅಂದಿಲ್ಲ, ನನಗೂ ಅನಿಸಿಲ್ಲ. ತೊಂದರೆ ಬಂದದ್ದು ಹೊಸ ಎಐ ಆಪ್‌ಗಳಿಂದ. ಮಸುಕು ಮುಖವನ್ನು ಒಂದೇ ಕ್ಲಿಕ್ಕಿಗೆ ಚೊಕ್ಕ ಮಾಡುತ್ತವೆ. ಫೈಲಿನಲ್ಲಿ ಇಲ್ಲದ ರೆಪ್ಪೆ, ಹಲ್ಲು, ಚರ್ಮವನ್ನು ತಾವೇ ಊಹಿಸಿ ತುಂಬುತ್ತವೆ. ಹಾಗೆ ತಯಾರಾದ ಒಂದು ಮುಖವನ್ನು ಪರದೆಯ ಮೇಲೆ ತೋರಿಸಿದಾಗ ಮಗ ಚೆನ್ನಾಗಿದೆ ಅಂದ. ಅವನ ತಾಯಿ ಹತ್ತಿರ ಬಂದು ನೋಡಿ, "ಇವರು ಯಾರೋ ಬ್ಯಾರೆ ಅದಾರ" ಅಂದರು.

ಈಗ ಅಂಥ ಕೆಲಸಕ್ಕೆ ಆ ಆಪ್ ಬಳಸುವುದಿಲ್ಲ. ಗೀರು, ಕಲೆ ಮಾತ್ರ ತೆಗೆಯುತ್ತೇನೆ, ಕಾಂಟ್ರಾಸ್ಟ್ ಸರಿ ಮಾಡುತ್ತೇನೆ. 12 x 18 ಇಂಚು ಕೇಳಿದರೆ 8 x 10 ಸಾಕು ಅನ್ನುತ್ತೇನೆ, ಸಣ್ಣ ಪ್ರಿಂಟಿನಲ್ಲಿ ಮಸುಕು ಅಷ್ಟು ಕಾಣುವುದಿಲ್ಲ. ಸುತ್ತ ಅಗಲ ಮೌಂಟ್, ಅಂದರೆ ರಟ್ಟಿನ ಅಂಚು ಕೊಟ್ಟರೆ ಫ್ರೇಮ್ ಅವರು ಕೇಳಿದ ಅಳತೆಗೇ ಬರುತ್ತದೆ.