ಮಳೆಗಾಲದಲ್ಲೂ ಸುಳ್ಳು ಹೇಳದ ನನ್ನ ಸಿಒ ಸೆನ್ಸರ್

ವಾಹನದ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ (ಸಿಒ) ಹೆಚ್ಚಾದರೆ ಕೂಗುವ ಡಬ್ಬಿಯೊಂದನ್ನು ನಾನೇ ಮಾಡಿದ್ದೇನೆ. ಪುಣೆ ಹತ್ತಿರದ ನಿಗಡಿಯಲ್ಲಿ ಗ್ಯಾರೇಜ್ ಇಟ್ಟಿರುವ ವಿಜಯಪುರದ ಕಾಕಾ ಮೊದಲ ದಿನವೇ ಹೇಳಿದ್ದರು: "ತಮ್ಮಾ, ಪುಣೇದ ಮಳಿಗಾಲದಾಗ ನಿನ್ನ ಡಬ್ಬಿ ಸುಮ್ನೆ ಒದರ್ತದ." ಮೊನ್ನೆ ಜುಲೈ ಮಳೆಯಲ್ಲಿ ಅವರೇ ಶಟರ್ ಅರ್ಧ ಇಳಿಸಿ ಹಳೇ ಸ್ಕೂಟರ್ ಚಾಲೂ ಮಾಡಿದರು. ಎರಡು ನಿಮಿಷದಲ್ಲಿ ಡಬ್ಬಿ ಕೂಗಿತು. ಪಕ್ಕದಲ್ಲಿ ಬಾಡಿಗೆಗೆ ತಂದಿದ್ದ ಮೀಟರಿನಲ್ಲಿ 52 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 52 ಭಾಗ ಸಿಒ. ನಾನು ಕೂಗಲು ಇಟ್ಟಿದ್ದದ್ದು 50ಕ್ಕೆ!

ಸೆನ್ಸರ್ ಅಂದರೆ ಅಲ್ಯುಮಿನಾ ಎಂಬ ಪಿಂಗಾಣಿಯಂಥ ಬಿಲ್ಲೆ, ಅದರ ಮೇಲೆ ಟಿನ್ ಆಕ್ಸೈಡ್ ಪೇಸ್ಟ್ ಬಳಿದು ಸುಟ್ಟ ತೆಳು ಪದರ (ಫಿಲಂ), ಹಿಂದೆ ರುಥೇನಿಯಂ ಹೀಟರ್. ಸಿಒ ತಗುಲಿದರೆ ಬಿಸಿ ಫಿಲಂನ ರೆಸಿಸ್ಟೆನ್ಸ್ (ವಿದ್ಯುತ್ ತಡೆ) ಇಳಿಯುತ್ತದೆ, ಡಬ್ಬಿ ಅಳೆಯುವುದು ಅದನ್ನೇ. ಇದನ್ನು ಸುಡಲು ನನ್ನ ಹತ್ತಿರ ಬೆಲ್ಟ್ ಫರ್ನೇಸ್ (ಬಿಲ್ಲೆಗಳು ಪಟ್ಟಿಯ ಮೇಲೆ ಸಾಗುತ್ತಾ ಸುಡುವ ಕುಲುಮೆ) ಇರಲಿಲ್ಲ. ಚಿಂಚವಡದಲ್ಲಿ ಹಲ್ಲಿನ ಕ್ಯಾಪ್ ಸುಡುವ ಗೆಳೆಯನ ಲ್ಯಾಬಿಗೆ ರಾತ್ರಿ ಹೋಗಿ ಬಿಲ್ಲೆ ಸುಟ್ಟೆ. ಮೊದಲ ಬ್ಯಾಚ್ ಇದ್ದಿಲಿನಂತೆ ಕಪ್ಪಾಗಿ ಬಂತು. ಹಲ್ಲು ಸುಡುವ ಕುಲುಮೆಯ ಪ್ರೋಗ್ರಾಮಿನಲ್ಲಿ ಒಳಗಿನ ಗಾಳಿ ಎಳೆಯುವ ವ್ಯಾಕ್ಯೂಮ್ ತಾನಾಗಿ ಶುರುವಾಗುತ್ತದೆ. ಗಾಳಿ ಇಲ್ಲದೆ ಪೇಸ್ಟಿನಲ್ಲಿರುವ ಬೈಂಡರ್ (ಅಂಟು) ಉರಿದು ಹೋಗುವುದು ಹೇಗೆ? ಅದರ ಹೊಗೆ ಅವನ ಕುಲುಮೆಯ ಒಳಗೋಡೆಗೂ ಹತ್ತಿತು. ಅವನು ಒಂದು ವಾರ ಮಾತಾಡಲಿಲ್ಲ. ಆಮೇಲಿಂದ ಬೈಂಡರನ್ನು ಮನೆಯ ಸಣ್ಣ ಕುಲುಮೆಯಲ್ಲಿ ನಿಧಾನಕ್ಕೆ ಸುಟ್ಟು, ಕೊನೆಯ ಸುಡುವಿಕೆಗೆ ಮಾತ್ರ ಅವನಲ್ಲಿಗೆ ಒಯ್ಯುತ್ತಿದ್ದೆ. ಹೀಟರ್ 850 ಡಿಗ್ರಿಗೆ, ಟಿನ್ ಆಕ್ಸೈಡ್ ಸುಮಾರು 650ಕ್ಕೆ.

ದುಡ್ಡು ಉಳಿಸಲು ಎಲೆಕ್ಟ್ರೋಡಿಗೆ (ಫಿಲಂಗೆ ಕರೆಂಟ್ ಮುಟ್ಟಿಸುವ ಗೆರೆಗಳಿಗೆ) ಬೆಳ್ಳಿ ಪೇಸ್ಟ್ ಹಾಕಿದ್ದೆ. ಅದು ದೊಡ್ಡ ತಪ್ಪು. ಬಿಸಿಗೂ ತೇವಕ್ಕೂ ಬೆಳ್ಳಿ ಮೆಲ್ಲಗೆ ಫಿಲಂ ಒಳಗೆ ಹರಿದು, ರೆಸಿಸ್ಟೆನ್ಸ್ ದಿನಾ ಇಳಿಯುತ್ತಾ ಹೋಯಿತು. ಚಿನ್ನದ ಪೇಸ್ಟಿಗೆ ಹೋದೆ. ಐದು ಗ್ರಾಂಗೆ ನಲವತ್ತು ಸಾವಿರದ ಹತ್ತಿರ ಕೊಟ್ಟ ನೆನಪು. ಒಟ್ಟು ಲಕ್ಷದ ಮೇಲೆ ಹೋಯಿತು.

ಇದಕ್ಕಿಂತ ನೋವು ಕೊಟ್ಟದ್ದು ಸಿಲಿಕೋನ್. ಮಳೆ ನೀರು ಬರಬಾರದು ಅಂತ ಡಬ್ಬಿಯ ಅಂಚಿಗೆ ಬಿಳಿ ಟ್ಯೂಬಿನ ಸೀಲಂಟ್ ಬಳಿದೆ. ವಿನೆಗರ್ ತರಹ ವಾಸನೆ, ನೋಡಲು ಅಂದವಾಗಿತ್ತು. ಮೂರು ವಾರದಲ್ಲಿ ಹದಿನಾಲ್ಕು ಸೆನ್ಸರ್ ಸತ್ತವು. ಸಿಲಿಕೋನಿನ ಆವಿ ಬಿಸಿ ಫಿಲಂ ಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ. ಎಷ್ಟು ಕಾಯಿಸಿದರೂ ಅದು ಹೋಗುವುದಿಲ್ಲ. ಈಗ ಸ್ಕ್ರೂ ಮತ್ತು ಕಪ್ಪು ರಬ್ಬರ್ ಗ್ಯಾಸ್ಕೆಟ್ ಮಾತ್ರ.

ಗಾಳಿಯ ತೇವಕ್ಕೂ ಫಿಲಂನ ರೆಸಿಸ್ಟೆನ್ಸ್ ಇಳಿಯುತ್ತದೆ, ಅದಕ್ಕೇ ಸುಳ್ಳು ಕೂಗು; ಅದನ್ನು ತಪ್ಪಿಸುವ ಮಳೆಗಾಲದ ಗುಟ್ಟು ಹೀಟರ್ ನಡೆಸುವ ರೀತಿಯಲ್ಲಿತ್ತು. 60 ಸೆಕೆಂಡ್ ಚೆನ್ನಾಗಿ ಕಾಯಿಸಿ ತೇವ ಓಡಿಸುತ್ತೇನೆ. ಆಮೇಲೆ 90 ಸೆಕೆಂಡ್ ತಣ್ಣಗಿಟ್ಟು, ಕೊನೆಯ ಕ್ಷಣದಲ್ಲಿ ಓದುತ್ತೇನೆ. ಪಕ್ಕದ ತೇವದ ಸೆನ್ಸರಿನ ಅಂಕಿ ನೋಡಿ ಸ್ವಲ್ಪ ತಿದ್ದುತ್ತೇನೆ. ಶುದ್ಧ ಗಾಳಿಯಲ್ಲಿ 30 ಕಿಲೋ ಓಮ್ ಇರುವ ರೆಸಿಸ್ಟೆನ್ಸ್, ಪರೀಕ್ಷೆಯ ಸಿಲಿಂಡರಿನಿಂದ ಬಿಟ್ಟ 100 ಪಿಪಿಎಂ ಸಿಒಗೆ 10ರ ಸುತ್ತ ಬರುತ್ತದೆ. ಟಿನ್ ಆಕ್ಸೈಡಿಗೆ ಬೆರೆಸುವ ಪಲ್ಲಾಡಿಯಂ ಲೋಹ ಶೇಕಡಾ ಒಂದಕ್ಕಿಂತ ಕಡಿಮೆ ಅಂತ ಮಾತ್ರ ಹೇಳುತ್ತೇನೆ. ಜೊತೆಗೆ ಬೆರೆಸುವ ಇನ್ನೊಂದು ಪುಡಿಯನ್ನು ಸದ್ಯಕ್ಕೆ ಹೇಳುವುದಿಲ್ಲ, ಅದಕ್ಕೆ ಎರಡು ವರ್ಷ ಹೋಗಿದೆ.

ಒಂದು ಭಾನುವಾರ ಅಡುಗೆಮನೆಯಲ್ಲಿ ಉಬ್ಬಿದ ದೋಸೆ ಹಿಟ್ಟಿನ ಮುಚ್ಚಳ ತೆಗೆದಾಗಲೂ ಇದು ಕೂಗಿತ್ತು. ಹಿಟ್ಟಿನ ಆಲ್ಕೋಹಾಲ್ ಅಂತ ನನ್ನ ಅಂದಾಜು. ಅದಕ್ಕೆ ಈಗ ಸೆನ್ಸರಿನ ಮುಂದೆ ಅಂಥ ಆವಿ ಹೀರುವ ಇದ್ದಿಲಿನ ತೆಳು ಪದರ ಇಟ್ಟಿದ್ದೇನೆ, ಆ ಸುಳ್ಳು ಕೂಗು ತುಂಬಾ ಕಡಿಮೆಯಾಗಿದೆ. ಪೇಂಟ್ ಥಿನ್ನರ್ ಮಾತ್ರ ಇನ್ನೂ ಕಾಡುತ್ತದೆ.

ಕಾಕಾ ಮೂರು ಡಬ್ಬಿ ಕೇಳಿದ್ದಾರೆ. ಒಂದು ಸರ್ವಿಸ್ ಪಿಟ್ ಒಳಗೆ ಬೇಕಂತೆ. ಶನಿವಾರ ರಾತ್ರಿ ಮುಂದಿನ ಬ್ಯಾಚ್, ಹಲ್ಲಿನ ಗೆಳೆಯ ಕೀಲಿ ಕೊಟ್ಟಿದ್ದಾನೆ.