ಒಂದು ಮಾರು ಒಳಗೆ

ಬೆಂಗಳೂರಿನ ಜೆ.ಪಿ. ನಗರದಿಂದ ಬೆಳ್ಳಂದೂರಿನ ಆಫೀಸಿಗೆ ಸೈಕಲ್ ತುಳಿಯಲು ಶುರು ಮಾಡಿದಾಗ ನನಗಿದ್ದ ಭಯವೆಲ್ಲ ಸಿಲ್ಕ್ ಬೋರ್ಡ್ ಜಂಕ್ಷನ್ನಿನದು. ಆದರೆ ಬೆಳಗಿನ ಹೊತ್ತು ಅಲ್ಲಿ ಗಾಡಿಗಳು ಕದಲುವುದೇ ಇಲ್ಲ, ಸೈಕಲ್ಲೇ ಮುಂದೆ. ನನ್ನನ್ನು ಕೆಡವಿದ್ದು ಬಿ.ಟಿ.ಎಂ. ಲೇಔಟಿನ ಬೇಕರಿಯೊಂದರ ಮುಂದೆ ನಿಂತಿದ್ದ ಕಾರು. ನಾನು ಒಳ್ಳೆ ಹುಡುಗನ ಹಾಗೆ ಎಡಕ್ಕೆ ಅಂಟಿಕೊಂಡು ಹೋಗುತ್ತಿದ್ದೆ, ಡ್ರೈವರ್ ಬಾಗಿಲು ತೆಗೆದ. ಹ್ಯಾಂಡಲ್ ಬಾಗಿಲಿಗೆ ಸಿಕ್ಕಿ, ಮೊಣಕೈ ತರಚಿ, ಟಿಫಿನ್ ಡಬ್ಬಿಯ ಚಿತ್ರಾನ್ನ ರಸ್ತೆ ಪಾಲು. ಹಿಂದಿನಿಂದ ಬಂದ ಆಟೋದವನು ಬ್ರೇಕ್ ಒತ್ತಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಡ್ರೈವರ್ ಬಲಗೈಯಿಂದ ಬಾಗಿಲು ತೆಗೆದರೆ ಹಿಂದೆ ತಿರುಗಿ ನೋಡುವ ಪ್ರಮೇಯವೇ ಬರುವುದಿಲ್ಲ. ಅದನ್ನೇ ಎಡಗೈಯಿಂದ ತೆಗೆಯಲು ಹೋದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಕನ್ನಡಿಯತ್ತ, ಕಿಟಕಿಯತ್ತ ಹೋಗುತ್ತದೆ. ಇದಕ್ಕೆ ಡಚ್ ರೀಚ್ ಅಂತ ಹೆಸರೂ ಇದೆ. ಕಾರಿರುವ ಗೆಳೆಯರಿಗೆಲ್ಲ ಹೇಳಿದೆ, ರೂಢಿ ಮಾಡಿಕೊಂಡವನು ಒಬ್ಬನೇ.

ಬೇರೆಯವರ ಕೈ ತಿದ್ದಲಾಗದಿದ್ದ ಮೇಲೆ ನಾನೇ ಜಾಗ ಬದಲಿಸಿದೆ. ನಿಂತ ಕಾರುಗಳಿಂದ ಒಂದು ಮಾರು ದೂರದಲ್ಲಿ, ನೇರ ಗೆರೆಯಲ್ಲಿ ತುಳಿಯುತ್ತೇನೆ. ಎರಡು ಕಾರುಗಳ ನಡುವೆ ಖಾಲಿ ಜಾಗ ಸಿಕ್ಕಿತೆಂದು ಒಳಗೆ ನುಗ್ಗುವುದಿಲ್ಲ, ಮತ್ತೆ ಹೊರಗೆ ಬರುವಾಗಲೇ ಹಿಂದಿನವನಿಗೆ ಗಾಬರಿಯಾಗುವುದು. ಮೋರಿಯ ಜಾಲರಿ, ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟಿನ ಎತ್ತರದ ಅಂಚು, ಎದುರಿನಿಂದ ರಾಂಗ್ ಸೈಡಲ್ಲಿ ಬರುವ ಸ್ಕೂಟರ್, ಎಲ್ಲದರಿಂದಲೂ ಇದರಿಂದ ಅಷ್ಟಿಷ್ಟು ಬಚಾವು. ಹಾರ್ನ್ ಮಾತ್ರ ಜಾಸ್ತಿ ಬಿತ್ತು. ಮೊದಲ ವಾರ ಕಿವಿ ಗುಂಯ್ ಅನ್ನುತ್ತಿತ್ತು. ಆಮೇಲೆ ಗೊತ್ತಾಯಿತು, ಹಾರ್ನ್ ಹೊಡೆಯುವವನು ನನ್ನನ್ನು ನೋಡಿದ್ದಾನೆ. ಹೆದರಬೇಕಾದ್ದು ಸದ್ದಿಲ್ಲದೆ ಬರುವವನಿಗೆ.

ಇಂಡಿಕೇಟರ್ ನಂಬುವುದನ್ನು ಬಿಟ್ಟಿದ್ದೇನೆ. ನನ್ನನ್ನು ದಾಟಿ ಮುಂದೆ ಬಂದು, ಮೂತಿಗೆ ಅಡ್ಡವಾಗಿ ಎಡಕ್ಕೆ ತಿರುಗಿಸುವವರ ಮುಂದಿನ ಚಕ್ರ ನೋಡುತ್ತೇನೆ. ಆಟೋ ಆದರೆ ಆಟೋವನ್ನೇ ನೋಡುವುದಿಲ್ಲ, ಫುಟ್‌ಪಾತಲ್ಲಿ ಯಾರ ಕೈ ಮೇಲೆ ಹೋಯಿತು ಅಂತ ನೋಡುತ್ತೇನೆ. ಬಿ.ಎಂ.ಟಿ.ಸಿ. ಬಸ್ಸಿನವರ ಮೇಲೆ ನನಗೆ ಸಿಟ್ಟಿಲ್ಲ, ಸ್ಟಾಪಿಗೆ ಎಡಕ್ಕೆ ಬರುವುದೇ ಅವರ ಕೆಲಸ. ಬಸ್ಸು ಮತ್ತು ಫುಟ್‌ಪಾತಿನ ನಡುವೆ ತೂರುವುದು ಮೂರ್ಖತನ. ಹಿಂದೆ ನಿಂತು ಅರ್ಧ ನಿಮಿಷ ಉಸಿರಾಡಿದರಾಯಿತು. ಉಸಿರು ಡೀಸೆಲ್‌ದು, ಅದು ಬೇರೆ ಮಾತು.

2020ರಲ್ಲಿ ಔಟರ್ ರಿಂಗ್ ರೋಡಲ್ಲಿ ಕಂಬ ನೆಟ್ಟು ಸೈಕಲ್ ಲೇನ್ ಮಾಡಿದ್ದರು. ನಾನು ಕುಣಿದಾಡಿದ್ದೆ. ಕಂಬಗಳ ಸಂದಿಯಲ್ಲಿ ಬೈಕುಗಳು ನುಗ್ಗಿದವು, ಕಂಬಗಳು ಒಂದೊಂದಾಗಿ ಮುರಿದವು, ಮೆಟ್ರೋ ಕಾಮಗಾರಿಯೂ ಬಂತು. ಈಗ ಅಲ್ಲಿಯೂ ಅದೇ ಒಂದು ಮಾರಿನ ಲೆಕ್ಕ.

ಮೊನ್ನೆ ಎಚ್‌.ಎಸ್‌.ಆರ್. ಹತ್ತಿರ ಸಿಗ್ನಲ್ಲಲ್ಲಿ ಒಬ್ಬರು ಗಾಜಿಳಿಸಿದರು.

“ಏನ್ರೀ, ರೋಡು ನಿಮ್ದೇನಾ? ಸೈಡಲ್ಲಿ ಹೋಗಕ್ಕೇನ್ರೀ?”

“ಎಲ್ಲಿ ಸೈಡು ತೋರ್ಸಿ ಸಾರ್” ಅಂದೆ.

ಅವರು ಕತ್ತು ಚಾಚಿ ನೋಡಿದರು. ಒಂದು ಟೆಂಪೋ, ಅದರಾಚೆ ಜಲ್ಲಿ ರಾಶಿ, ಅದರಾಚೆ ಚಪ್ಪಡಿ ಇಲ್ಲದ ಮೋರಿ. “ಆದ್ರೂ…” ಅನ್ನುವಷ್ಟರಲ್ಲಿ ಹಸಿರು ಬಂತು, ಭರ್ರಂತ ಹೊರಟರು. ಇಬ್ಬಲೂರಿನಲ್ಲಿ ಮತ್ತೆ ಅವರ ಪಕ್ಕವೇ ಹೋಗಿ ನಿಂತೆ. ಈ ಸಲ ಗಾಜು ಇಳಿಯಲಿಲ್ಲ.