ಕಾವಳದಲ್ಲಿ ಹಳ್ಳಿಯ ಚರ್ಚು: 16 ಎಂಎಂ ಮಸೂರದೊಡನೆ ನನ್ನ ಅನುಭವ

ಕಾವಳ ಕವಿದ ಬೆಳಗಿನಲ್ಲಿ ಚರ್ಚಿನ ಚಿತ್ರ ತೆಗೆಯಲು ವೈಡ್ ಆ್ಯಂಗಲ್ ಮಸೂರ (ಎಂಎಂ ಸಂಖ್ಯೆ ಚಿಕ್ಕದಿದ್ದು ಹೆಚ್ಚು ಅಗಲದ ನೋಟ ಹಿಡಿಯುವಂಥದ್ದು) ಒಯ್ಯುವುದು ಬುದ್ಧಿಗೇಡಿತನ ಎಂದು ನನ್ನ ಮುಖದೆದುರೇ ಹೇಳಿದವರಿದ್ದಾರೆ. ಅವರೆಲ್ಲ ನನಗಿಂತ ಹೆಚ್ಚು ಕಾಲ ಕ್ಯಾಮೆರಾ ಹಿಡಿದವರಾದ್ದರಿಂದ ನಾನು ಎದುರಾಡಲಿಲ್ಲ. ಎದುರಾಡುವುದಕ್ಕೆ ತೋರಿಸಬಹುದಾದ ಚಿತ್ರವೂ ಆಗ ನನ್ನಲ್ಲಿರಲಿಲ್ಲ. ಎರಡು ಚಳಿಗಾಲಗಳು ಪೂರ್ತಿ ವ್ಯರ್ಥವಾಗಿ, ಮೂರನೆಯದರಲ್ಲಿ ಕೈಗೆ ಬಂದ ಆರೇಳು ಚಿತ್ರಗಳನ್ನು ಅವರೇ ಕೇಳಿ ಪಡೆದು ನೋಡಿದ ಮೇಲೆ ಇದನ್ನು ಬರೆಯುವ ಧೈರ್ಯ ಬಂದಿದೆ.

ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ದೂರದ ದಿಬ್ಬದ ಮೇಲಿಂದ 70-200 ಎಂಎಂ ಟೆಲಿ ಮಸೂರದಲ್ಲಿ, ಅಂದರೆ ದೂರದ್ದನ್ನು ಹತ್ತಿರಕ್ಕೆಳೆದು ತೋರುವಂಥದ್ದರಲ್ಲಿ, ತೆಗೆದರೆ ಮರ, ಗೋಪುರ, ಬೆಟ್ಟಗಳು ಒಂದರ ಹಿಂದೊಂದು ಪದರಗಳಾಗಿ ನಿಲ್ಲುತ್ತವೆ. ಅದೇ ಜಾಗದಿಂದ 16 ಎಂಎಂನಲ್ಲಿ ತೆಗೆದರೆ ಚರ್ಚು ಬೆಂಕಿಪೊಟ್ಟಣದಷ್ಟಾಗಿ, ಕೆಳಗಿನ ಅರ್ಧ ಕೆಸರು, ಮೇಲಿನ ಅರ್ಧ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಮೊದಲ ಚಳಿಗಾಲವಿಡೀ ನಾನು ಮಾಡಿದ್ದೂ ಇದನ್ನೇ. ಮಸೂರ ಬದಲಿಸಿದ್ದೆನೇ ಹೊರತು ನಿಲ್ಲುವ ಜಾಗವನ್ನು ಬದಲಿಸಿರಲಿಲ್ಲ.

ಜಾಗ ಬದಲಾದದ್ದು ಬೇರೆ ದಾರಿಯಿಲ್ಲದೆ. ಒಂದು ದಿನ ಕಾವಳ ಎಷ್ಟು ದಟ್ಟವಾಗಿತ್ತೆಂದರೆ, ಅಂಗಳದ ಕಬ್ಬಿಣದ ಗೇಟಿನ ಬಳಿ ನಿಂತರೆ ಎದುರಿಗೆ ಕಟ್ಟಡವೊಂದಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಜೊತೆಗೆ ಬಂದಿದ್ದ ಇಬ್ಬರು ಗೆಳೆಯರು ಟೆಲಿ ಮಸೂರಗಳನ್ನು ಚೀಲದಿಂದ ತೆಗೆಯದೆ ವಾಹನದಲ್ಲೇ ಕುಳಿತರು. ನಾನು ಟ್ರೈಪಾಡನ್ನು ಹೆಗಲಿಗೇರಿಸಿ ಕಲ್ಲುಹಾದಿ ಹಿಡಿದು ಒಳಗೆ ನಡೆದೆ. ಮೊದಲು ಬಾಗಿಲಿನ ಕಮಾನು, ಮೂರು ಹೆಜ್ಜೆಯಾದ ಮೇಲೆ ಕಿಟಕಿಗಳು, ಇನ್ನೆರಡು ಹೆಜ್ಜೆಗೆ ಗಂಟೆಗೋಪುರದ ಅಂಚು, ಹೀಗೆ ಕಟ್ಟಡ ತುಂಡುತುಂಡಾಗಿ ಮೂಡಿಬಂತು. ತುದಿಯ ಶಿಲುಬೆ ಇದ್ದೂ ಇಲ್ಲದಂತೆ ಕಂಡ ಕಡೆ ನಿಂತೆ. ಅಲ್ಲಿಂದ ಬಾಗಿಲಿಗೆ ಸುಮಾರು 20 ಮೀಟರ್.

ಅಂದು ಚಿತ್ರದಲ್ಲಿ ಬಂದದ್ದನ್ನು ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ದೃಷ್ಟಿಗೋಚರತೆ 100 ಮೀಟರ್ ಇರುವ ಕಾವಳದಲ್ಲಿ 20 ಮೀಟರ್ ದೂರದ ಗೋಡೆಯ ಕಾಂಟ್ರಾಸ್ಟ್ (ಕಪ್ಪು ಬಿಳುಪಿನ ಅಂತರ) ಅರ್ಧಕ್ಕಿಂತ ತುಸು ಕೆಳಗಿಳಿಯುತ್ತದೆ. 60 ಮೀಟರ್ ದೂರದ ಮರಕ್ಕೆ ಉಳಿಯುವುದು ಹತ್ತರಲ್ಲೊಂದು ಪಾಲು. ಅಂದರೆ ದಿಬ್ಬದ ಮೇಲೆ ಟೆಲಿ ಹಿಡಿದು ನಿಂತವನ ಪಾಲಿಗೆ ಚರ್ಚು ಅಳಿಸಿಹೋಗಿರುವ ಬೆಳಗಿನಲ್ಲೇ, 16 ಎಂಎಂ ಹಿಡಿದು ಹತ್ತಿರ ಹೋದವನಿಗೆ ಕಾಲಬುಡದ ಹುಲ್ಲು ಸ್ಪಷ್ಟವಾಗಿ, ಬಾಗಿಲು ಅರೆಸ್ಪಷ್ಟವಾಗಿ, ಗೋಪುರದ ತುದಿ ಮಾಸಲಾಗಿ, ಹಿಂದಿನ ಮರಗಳು ಬರೀ ಗುರುತಾಗಿ ಒಂದೇ ಫ್ರೇಮಿನಲ್ಲಿ ಸಿಗುತ್ತವೆ. ಹತ್ತಿರ ಹೋಗುವವನಿಗೆ ಇಡೀ ಕಟ್ಟಡವನ್ನು ಒಳಗೊಳ್ಳಲು ವೈಡ್ ಬಿಟ್ಟರೆ ಗತಿಯಿಲ್ಲ. ತೆಳು ಮಂಜಾದರೆ ಟೆಲಿಯವರೇ ಗೆಲ್ಲುತ್ತಾರೆ ಎಂಬುದನ್ನು ಈಗಲೂ ಒಪ್ಪುತ್ತೇನೆ.

ಅಷ್ಟು ಹತ್ತಿರ ಹೋದ ಮೇಲೆ ಎದುರಾದ ತೊಂದರೆ ಗೋಪುರ ಹಿಂದಕ್ಕೆ ವಾಲುವುದು. ಕ್ಯಾಮೆರಾವನ್ನು ಮೇಲಕ್ಕೆತ್ತಿದ ಕೂಡಲೇ ಗೋಡೆಗಳು ಒಂದರತ್ತ ಒಂದು ಬಾಗಿ, ಚರ್ಚು ಮಗುಚಿ ಬೀಳುವಂತೆ ಕಾಣುತ್ತಿತ್ತು. ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಿದರೆ ಮೇಲ್ಭಾಗವೆಲ್ಲ ಎಳೆದಂತಾಗಿ ನುಣುಪಾದ ಕಾವಳದಲ್ಲಿ ನಾಯ್ಸ್ (ಮರಳಿನಂಥ ಚುಕ್ಕೆಗಳು) ಎದ್ದು ಕಾಣುತ್ತಿತ್ತು. ಇದಕ್ಕೆ ಮದ್ದೆಂದು, ಕ್ಯಾಮೆರಾ ಎತ್ತದೆ ಮಸೂರವನ್ನಷ್ಟೇ ಮೇಲಕ್ಕೆ ಸರಿಸಬಹುದಾದ 24 ಎಂಎಂ ಶಿಫ್ಟ್ ಮಸೂರವನ್ನು ಎರಡು ಸಲ ಬಾಡಿಗೆಗೆ ತಂದೆ. ಎರಡೂ ಸಲ ಆಕಾಶ ಗಾಜಿನಂತೆ ತಿಳಿಯಾಗಿದ್ದು ಕಾವಳದ ಸುಳಿವಿರಲಿಲ್ಲ, ಒಂದು ಮದುವೆಯ ಕೆಲಸದಲ್ಲಿ ಕೈಗೆ ಬಂದಿದ್ದ ಹಣದ ಅರ್ಧದಷ್ಟು ಆ ಬಾಡಿಗೆಗೇ ಹೋಯಿತು. ಕಾವಳ ಬಾಡಿಗೆಯ ದಿನ ನೋಡಿ ಬರುವುದಿಲ್ಲ. ಕೊನೆಗೆ ಉಪಾಯ ಹೊಳೆದದ್ದು ಖರ್ಚಿಲ್ಲದೆ: ಕ್ಯಾಮೆರಾವನ್ನು ಚಿತ್ರದ ಉದ್ದ ಬದಿ ನೆಟ್ಟಗೆ ನಿಲ್ಲುವಂತೆ ತಿರುಗಿಸಿ, ನೀರುಮಟ್ಟದಲ್ಲಿ ಕರಾರುವಾಕ್ಕಾಗಿ ಸಮ ಮಾಡಿ, ಮೇಲಕ್ಕೆ ಒಂದಿಷ್ಟೂ ಎತ್ತದೆ ತೆಗೆಯುವುದು. ದೊಡ್ಡ ಸಂವೇದಕದ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 16 ಎಂಎಂ ಹೀಗೆ ನಿಂತರೆ 20 ಮೀಟರ್ ದೂರದಿಂದ ಸುಮಾರು 24 ಮೀಟರ್ ಎತ್ತರದವರೆಗೆ ಒಳಗಾಗುತ್ತದೆ. ನನ್ನ ಗೋಪುರ ಇಪ್ಪತ್ತರ ಆಸುಪಾಸು. ಅದೇ ಜಾಗದಲ್ಲಿ 24 ಎಂಎಂ ಹಾಕಿದರೆ ಹದಿನಾರೂವರೆ ಮೀಟರಿಗೇ ಗೋಪುರದ ಕುತ್ತಿಗೆ ಕತ್ತರಿಸಿಹೋಗುತ್ತದೆ.

ಕ್ಯಾಮೆರಾ ಸಮವಾಗಿದ್ದರೆ ಚಿತ್ರದ ಕೆಳಗಿನ ಅರ್ಧ ಪೂರ್ತಿ ನೆಲವೇ ಆಗುತ್ತದೆ. ಕತ್ತರಿಸಿ ಎಸೆಯಬಹುದು, ಮೊದಮೊದಲು ನಾನೂ ಎಸೆಯುತ್ತಿದ್ದೆ. ಆಮೇಲೆ ಟ್ರೈಪಾಡನ್ನು ಸೊಂಟದ ಮಟ್ಟಕ್ಕಿಳಿಸಿ, ಪಾಚಿ ಹಿಡಿದ ಸಮಾಧಿ ಕಲ್ಲೊಂದನ್ನು ಮಸೂರದಿಂದ ಒಂದು ಮೀಟರ್ ದೂರದಲ್ಲಿ ಕೆಳಗಿನ ಎಡ ಮೂಲೆಗೆ ತಂದುಕೊಂಡೆ. ಆ ಕಲ್ಲಿನ ಅಂಚಿಗೂ ಒಣಗಿದ ಹುಲ್ಲುಕಡ್ಡಿಗೂ ನಡುವೆ ಜೇಡವೊಂದು ಬಲೆ ಕಟ್ಟಿತ್ತು. ಎಳೆಯೆಳೆಗೂ ಹನಿ ಪೋಣಿಸಿಕೊಂಡು ಬಲೆ ನಡುವೆ ಜೋತುಬಿದ್ದಿತ್ತು. ಚಿತ್ರದಲ್ಲಿ ಅಪ್ಪಟ ಕಪ್ಪು ಇದ್ದದ್ದು ಆ ಕಲ್ಲಿನ ಬುಡದಲ್ಲಿ ಮಾತ್ರ, ಹಾಗಾಗಿಯೇ ಹಿಂದಿನ ಬಿಳಿ ಬಿಳಿಯಾಗಿ ಕಂಡಿತು. ಫೋಕಸ್ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ: ಆಟೊಫೋಕಸ್ ಕಾವಳದಲ್ಲಿ ಅತ್ತಿತ್ತ ತಡಕಾಡುತ್ತದೆ, ಮಸೂರದ ಕಿಂಡಿಯನ್ನು ಎಫ್/8ರಲ್ಲಿಟ್ಟು ಒಂದು ಮೀಟರಿಗಿಂತ ತುಸು ಮುಂದಕ್ಕೆ ಕೈಯಲ್ಲೇ ಹೊಂದಿಸಿ ಉಂಗುರಕ್ಕೆ ಟೇಪು ಸುತ್ತಿಬಿಡುತ್ತೇನೆ. ಕ್ಯಾಮೆರಾದ ಬೆಳಕಿನ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು, ಬೆಳಕು ಕೊಡದಿದ್ದರೆ ಕಾವಳ ಬೂದಿಯ ಬಣ್ಣಕ್ಕೆ ತಿರುಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ.

ಹೆಚ್ಚು ಹಣ ತಿಂದದ್ದು ಹನಿ. ಮೊದಲು ನನ್ನಲ್ಲಿದ್ದದ್ದು 14 ಎಂಎಂ, ಮುಂದಿನ ಗಾಜು ಗುಳ್ಳೆಯಂತೆ ಉಬ್ಬಿದ ಮಸೂರ. ಎರಡು ತಿಂಗಳ ಗಳಿಕೆ ಸುರಿದು ಕೊಂಡದ್ದು. ಒಂದು ಬೆಳಗ್ಗೆ ನಲವತ್ತೈವತ್ತು ಚಿತ್ರ ತೆಗೆದು, ಹಿಂಬದಿಯ ಪುಟ್ಟ ಪರದೆಯಲ್ಲಿ ನೋಡಿ ಹಿಗ್ಗಿ ಮನೆಗೆ ಬಂದರೆ, ಹತ್ತನೆಯ ಚಿತ್ರದಿಂದಾಚೆ ಎಲ್ಲದರ ನಡುಭಾಗವೂ ಬೆಣ್ಣೆ ಸವರಿದಂತಿತ್ತು. ಅದು ಕಾವಳದ ಮೃದುತನವಲ್ಲ, ತಣ್ಣಗಾದ ಗಾಜಿನ ಮೇಲೆ ಕೂತ ತೇವ. ಆ ಉಬ್ಬಿದ ಗಾಜನ್ನು ಒರೆಸಿದಷ್ಟೂ ಗೆರೆ ಮೂಡುತ್ತಿತ್ತು, ಮುಂದೆ ಫಿಲ್ಟರ್ ಹಾಕುವಂತಿರಲಿಲ್ಲ. ಕೊಂಡ ಬೆಲೆಯ ಮೂರನೇ ಎರಡು ಪಾಲಿಗೆ ಮಾರಿ, ಚಪ್ಪಟೆ ಮುಖದ ಹಳೆಯ 16-35 ಕೊಂಡೆ. ಅದರ ಕೊರಳಿಗೆ ಪವರ್ ಬ್ಯಾಂಕಿನಿಂದ ಬಿಸಿಯಾಗುವ, ನಕ್ಷತ್ರಗಳ ಚಿತ್ರ ತೆಗೆಯುವವರು ಬಳಸುವ ಪಟ್ಟಿಯನ್ನು ಸುತ್ತಿದೆ. ಮಸೂರದ ಬೆಲೆಯ ಮುಂದೆ ಪುಡಿಗಾಸಾದ ಆ ಪಟ್ಟಿ ಮಾಡಿದ ಉಪಕಾರವನ್ನು ಬೇರಾವ ಉಪಕರಣವೂ ಮಾಡಿಲ್ಲ. ಬಿಸಿಯನ್ನು ಯಾವಾಗ ಹಚ್ಚುತ್ತೇನೆ ಎಂಬುದರಲ್ಲಿ ಒಂದು ಒಳಗುಟ್ಟಿದೆ, ಅದು ನನ್ನಲ್ಲೇ ಇರಲಿ.

ನೆನಪಿನ ಲೆಕ್ಕದಲ್ಲಿ ಮೂರು ಚಳಿಗಾಲಗಳಲ್ಲಿ ಮೂವತ್ತೈದು ಸಲ ಹೋಗಿದ್ದೇನೆ, ಹನ್ನೊಂದು ಸಲ ಕಾವಳ ಸಿಕ್ಕಿದೆ, ನಾಲ್ಕು ಬೆಳಗುಗಳಿಂದ ಚಿತ್ರ ಬಂದಿದೆ. ಹಿಂದಿನ ದಿನ ನೆಲ ನೆನೆದು, ರಾತ್ರಿ ಆಕಾಶ ತಿಳಿಯಾಗಿ, ಗಾಳಿ ನಿಂತು, ಉಷ್ಣಾಂಶಕ್ಕೂ ಡ್ಯೂ ಪಾಯಿಂಟಿಗೂ (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ) 2 ಡಿಗ್ರಿಗಿಂತ ಕಡಿಮೆ ಅಂತರವಿದ್ದರೆ ಮಾತ್ರ ಈಗ ಹೊರಡುತ್ತೇನೆ. ಮೊದಲ ವರ್ಷ ಮಾಡಿದ ಇನ್ನೊಂದು ತಪ್ಪೆಂದರೆ, ಸೂರ್ಯ ಹುಟ್ಟುವಾಗ ಕಾವಳ ತೆಳುವಾಗಿದ್ದರೆ ಮುಗಿಯಿತೆಂದು ಗಂಟುಮೂಟೆ ಕಟ್ಟಿದ್ದು. ಬಿಸಿಲು ಬಿದ್ದು ಕೆಳಗಿನ ಗಾಳಿ ಮೆಲ್ಲನೆ ಕಲಕಿದಾಗ, ಹುಟ್ಟಿದ ಹೊತ್ತಿಗಿಂತ ತುಸು ಆಮೇಲೆಯೇ ಕಾವಳ ದಟ್ಟವಾಗುವುದುಂಟು. ನಾನು ಅರ್ಧ ದಾರಿ ಮರಳಿದಾಗ ಹಿಂದೆ ಕಣಿವೆಯೇ ಮುಚ್ಚಿಹೋದದ್ದನ್ನು ಕನ್ನಡಿಯಲ್ಲಿ ಕಂಡಿದ್ದೇನೆ.

ಹಳೆಯ ಚರ್ಚುಗಳಲ್ಲಿ ಬಲಿಪೀಠ ಪೂರ್ವಕ್ಕೂ ಬಾಗಿಲು ಪಶ್ಚಿಮಕ್ಕೂ ಇರುವುದು ವಾಡಿಕೆ. ಹಾಗಾಗಿ ಬೆಳಗ್ಗೆ ಮುಂಭಾಗದ ಚಿತ್ರ ತೆಗೆಯುವವನು ಸೂರ್ಯನಿಗೆ ಎದುರಾಗಿ ನಿಲ್ಲಬೇಕು, ಮುಂಗೋಡೆ ನೆರಳಿನಲ್ಲಿರುತ್ತದೆ. ಟೆಲಿಯವರು ಇದನ್ನೂ ದೋಷವೆಂದೇ ಎಣಿಸಿದ್ದರು. ಆದರೆ ಹನಿಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆಲ್ಲುವುದರಿಂದ ಸೂರ್ಯನಿರುವ ಕಡೆಯ ಕಾವಳವೇ ಬೆಳಗುತ್ತದೆ. ಬಾಗಿಲಿನಿಂದ 20 ಮೀಟರಿನಲ್ಲಿ ನಿಂತರೆ, ಸೂರ್ಯ ಹುಟ್ಟಿ ಒಂದೂಕಾಲು ಗಂಟೆಯ ಹೊತ್ತಿಗೆ ಛಾವಣಿಯ ಏಣನ್ನು ದಾಟುತ್ತಾನೆ. ದಾಟುವ ಮೊದಲಿನ ನಾಲ್ಕೈದು ನಿಮಿಷ ಕಟ್ಟಡದ ನೆರಳು ಕಾವಳದೊಳಗೇ ಪಟ್ಟಿಪಟ್ಟಿಯಾಗಿ ನಮ್ಮತ್ತ ಬರುತ್ತದೆ, ವೈಡ್ ಮಸೂರದಲ್ಲಿ ಆ ಪಟ್ಟಿಗಳು ಬೀಸಣಿಗೆಯಂತೆ ಹರಡಿಕೊಳ್ಳುತ್ತವೆ. ನನ್ನ ಒಳ್ಳೆಯ ಚಿತ್ರಗಳಲ್ಲಿ ಎರಡು ಈ ನಿಮಿಷಗಳವು.

ಪ್ರಿಂಟ್ ಹಾಕಿಸುವಾಗ ಮತ್ತೆ ಕೈ ಸುಟ್ಟುಕೊಂಡೆ. ಸಾಫ್ಟ್‌ವೇರಿನಲ್ಲಿ ಮಂಜನ್ನು ತೆಳುವಾಗಿಸುವ ಡಿಹೇಜ್ ಎಳೆದು, ಬಣ್ಣದ ಮಟ್ಟಗಳು ಕಡಿಮೆಯಿರುವ 8 ಬಿಟ್ ಫೈಲ್ ಕಳಿಸಿದ್ದರಿಂದ ಕಾವಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳು ಬಂದು, ದೊಡ್ಡ ಅಳತೆಯ ಎರಡು ಪ್ರಿಂಟ್‌ಗಳನ್ನು ಹರಿದು ಹಾಕಬೇಕಾಯಿತು. ಈಗ ಕೊನೆಯವರೆಗೂ 16 ಬಿಟ್ ಇಟ್ಟುಕೊಂಡು, ಕಡೆಗೆ ಸಣ್ಣಗೆ ಗ್ರೇನ್ ಬೆರೆಸಿ, ಮ್ಯಾಟ್ ಕಾಗದಕ್ಕೆ ಕೊಡುತ್ತೇನೆ.

ನಡುನಡುವೆ ಬೇರೆ ಆಟಗಳನ್ನೂ ಆಡಿದೆ. ಕ್ಯಾಮೆರಾದ ಮೇಲೆ ಫ್ಲಾಶ್ ಹಾಕಿದರೆ ಹನಿಗಳೇ ಬೆಳಗಿ ಹಿಂದಿನದೆಲ್ಲ ಮುಚ್ಚಿಹೋಯಿತು. ಪೋಲರೈಸರ್ ಫಿಲ್ಟರ್ ಒದ್ದೆ ಕಲ್ಲಿನ ಹೊಳಪು ಕಳೆದು, ಬೆಳಕನ್ನೂ ಒಂದೂವರೆ ಸ್ಟಾಪ್ ಕಡಿಮೆ ಮಾಡಿತು, ಅದರಿಂದ ಬೇರೆ ಲಾಭ ಕಾಣಲಿಲ್ಲ. ಫಲ ಕೊಟ್ಟದ್ದು ಮೂರನೆಯದು. ಚರ್ಚು ನೋಡಿಕೊಳ್ಳುವ ಹಿರಿಯರು, "ಏನೂ ಕಾಣಿಸದ ದಿನವೇ ಹುಡುಕಿಕೊಂಡು ಬರುತ್ತೀರಲ್ಲ" ಎಂದು ನಗುತ್ತಲೇ ಬೀಗ ತೆಗೆದುಕೊಟ್ಟರು. ಒಳಗೆ ಬೆಚ್ಚನೆಯ ಬಣ್ಣದ ದೀಪವೊಂದನ್ನು ಇಟ್ಟು ಹೊರಗೆ ಬಂದು ನೋಡಿದರೆ, ಕಿಟಕಿಗಳಿಂದ ಬೆಳಕು ಕೋಲುಕೋಲಾಗಿ ನೀಲಿ ಕಾವಳದೊಳಕ್ಕೆ ಚಾಚಿಕೊಂಡಿತ್ತು. ದೀಪವನ್ನು ಎಲ್ಲಿಟ್ಟೆ, ಅದರ ಮುಂದೆ ಏನನ್ನು ಕಟ್ಟಿದೆ ಎಂದು ಆ ಟೆಲಿ ಗೆಳೆಯರೇ ಈಗ ಮತ್ತೆಮತ್ತೆ ಕೇಳುತ್ತಿದ್ದಾರೆ. ಅದಕ್ಕೆ ನನ್ನ ಏಳು ಬೆಳಗುಗಳು ಹೋಗಿವೆ, ಅವರದೂ ಒಂದೆರಡು ಹೋಗಲಿ.